ಲಾ ಲೈಬ್ರರಿಯಲ್ಲಿ ಬೇಕಾದ ತೀರ್ಪು ಹುಡುಕುವುದು ಹೇಗೆ: ಒಂದು ಪ್ರಶ್ನೆ ಹಿಡಿದು ಕೊನೆಯವರೆಗೆ

ಲಾ ಲೈಬ್ರರಿಯೊಳಗೆ ಮೊದಲ ಸಲ ಕಾಲಿಟ್ಟಾಗ ಎಲ್ಲ ಪುಸ್ತಕಗಳೂ ಒಂದೇ ಥರ ಕಾಣುತ್ತವೆ. ಅದೇ ದಪ್ಪ ರಟ್ಟು, ಬೆನ್ನಿನ ಮೇಲೆ ಒಂದು ಇಸವಿ, ನಾಲ್ಕಾರು ಅಕ್ಷರ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಇದೇ ಸಾಲು. ಇದರಲ್ಲಿ ನನಗೆ ಬೇಕಾದ ಎರಡು ವಾಕ್ಯ ಎಲ್ಲಿ ಅಂತ ಹುಡುಕೋದು? ಹೀಗಂದುಕೊಂಡು ಮೂಲೆಯ ಕಂಪ್ಯೂಟರ್ ಮುಂದೆ ಕೂತು, ಎರಡು ಪದ ಟೈಪ್ ಮಾಡಿ, ಮೊದಲು ಕಂಡ ತೀರ್ಪನ್ನು ಪ್ರಿಂಟ್ ತೆಗೆದುಕೊಂಡು ಹೊರಡುವವರೇ ಜಾಸ್ತಿ.

ಆ ಮೊದಲ ತೀರ್ಪು ಸತ್ತುಹೋಗಿರಬಹುದು. ತೀರ್ಪು ಹುಟ್ಟುತ್ತದೆ, ಒಂದಷ್ಟು ವರ್ಷ ಬದುಕುತ್ತದೆ, ಆಮೇಲೆ ಇನ್ನೊಂದು ತೀರ್ಪೋ ತಿದ್ದುಪಡಿಯೋ ಬಂದು ಅದನ್ನು ಮುಗಿಸುತ್ತದೆ. ಆದರೂ ಕಪಾಟಿನಿಂದ ಅದನ್ನು ಯಾರೂ ತೆಗೆಯುವುದಿಲ್ಲ. ಹಾಳೆಯ ಮೇಲೆ ‘ರದ್ದಾಗಿದೆ’ ಎಂದು ಯಾರೂ ಸೀಲ್ ಒತ್ತುವುದಿಲ್ಲ. ಅದು ಇನ್ನೂ ಬದುಕಿದೆಯಾ ಅಂತ ನೋಡುವ ಕೆಲಸ ಹುಡುಕುವವರದೇ.

ಸುಮ್ನೆ ನಿಯಮ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಪ್ರಶ್ನೆ ಇಟ್ಟುಕೊಂಡು ಲೈಬ್ರರಿ ಸುತ್ತೋಣ. ಕರ್ನಾಟಕದ ಒಂದು ಹಿಂದೂ ಕುಟುಂಬ. ತಂದೆ 2002ರಲ್ಲಿ ತೀರಿಕೊಂಡರು. ಮಗಳ ಮದುವೆ 1990ರಲ್ಲೇ ಆಗಿತ್ತು. ಪಿತ್ರಾರ್ಜಿತ ಜಮೀನು ಇನ್ನೂ ಪಾಲಾಗಿಲ್ಲ. ಮಗಳಿಗೆ ಗಂಡುಮಕ್ಕಳಷ್ಟೇ ಪಾಲು ಇದೆಯಾ?

ಹೆಜ್ಜೆ 1: ಒಳಗೆ ಹೋಗುವ ಮೊದಲು ಒಂದು ಹಾಳೆ

ಹಾಳೆಯ ಎಡಗಡೆ ತಾರೀಖುಗಳನ್ನು ಬರೆದುಕೊಳ್ಳಿ. ಹುಟ್ಟು, ಮದುವೆ, ಸಾವು, ಪಾಲುಪಟ್ಟಿ ಆಗಿದ್ದರೆ ಅದರ ತಾರೀಖು, ದಾವೆ ಹಾಕಿದ ದಿನ. ಕಾನೂನಿನಲ್ಲಿ ಅರ್ಧ ಉತ್ತರ ತಾರೀಖಿನಲ್ಲೇ ಇರುತ್ತದೆ. ನಮ್ಮ ಪ್ರಶ್ನೆಯಲ್ಲಂತೂ ಮುಕ್ಕಾಲು ಪಾಲು.

ಬಲಗಡೆ ಪದಗಳು. ಇಲ್ಲಿ ಕನ್ನಡದವರಿಗೆ ಒಂದು ವಿಶೇಷ ತೊಡಕಿದೆ. ಮನೆಯಲ್ಲಿ ಜಗಳ ನಡೆಯುವುದು ‘ಪಾಲು’, ‘ಹಕ್ಕು’, ‘ಪಿತ್ರಾರ್ಜಿತ’ ಎಂಬ ಪದಗಳಲ್ಲಿ. ಪುಸ್ತಕದ ಇಂಡೆಕ್ಸ್ ಇರುವುದು ಇಂಗ್ಲಿಷಿನಲ್ಲಿ. ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳ ಕಲಾಪದ ಮೂಲ ಭಾಷೆ ಇಂಗ್ಲಿಷ್. ಹಾಗಾಗಿ ತೀರ್ಪಿನ ಪುಸ್ತಕಗಳೂ ಅದರಲ್ಲೇ. ನಮ್ಮ ‘ಪಾಲು’ ಅಲ್ಲಿ ಎರಡಾಗಿ ಒಡೆಯುತ್ತದೆ: ಪಾಲು ಮಾಡುವ ಕ್ರಿಯೆ ‘ಪಾರ್ಟಿಷನ್’, ಸಿಗುವ ಭಾಗ ‘ಶೇರ್’. ಹುಟ್ಟಿನಿಂದಲೇ ಕುಟುಂಬದ ಆಸ್ತಿಯಲ್ಲಿ ಹಕ್ಕಿರುವವರು ‘ಕೋಪಾರ್ಸನರ್’. ‘ಹಕ್ಕು ಬಿಡುಗಡೆ ಪತ್ರ’ ಅಲ್ಲಿ ‘ರಿಲೀಸ್ ಡೀಡ್’. ಸರಿಯಾದ ಪದ ಗೊತ್ತಾಗದಿದ್ದರೆ ಮೊದಲು ಕಾನೂನು ನಿಘಂಟಿನ ಕಪಾಟಿಗೆ ಹೋಗಿ. ಹತ್ತು ನಿಮಿಷ ಅಲ್ಲಿ ಕಳೆದರೆ ಮುಂದೆ ಒಂದು ತಾಸು ಉಳಿಯುತ್ತದೆ.

ಹೆಜ್ಜೆ 2: ಯಾವ ಕಪಾಟಿನಲ್ಲಿ ಏನಿದೆ

ಡ್ಯೂಯಿ ಪದ್ಧತಿಯಲ್ಲಿ, ಅಂದರೆ ವಿಷಯಕ್ಕೊಂದು ನಂಬರ್ ಕೊಟ್ಟು ಜೋಡಿಸಿದ ಲೈಬ್ರರಿಯಾದರೆ ಕಾನೂನು 340ರಿಂದ ಶುರು. 342 ಸಂವಿಧಾನ, 345 ಕ್ರಿಮಿನಲ್, 346 ಆಸ್ತಿ, ಕರಾರು, ಉತ್ತರಾಧಿಕಾರದಂಥ ಖಾಸಗಿ ಕಾನೂನು, 347 ಕೋರ್ಟಿನ ಕಾರ್ಯವಿಧಾನ. ಈ ನಂಬರುಗಳು ಸಾಮಾನ್ಯವಾಗಿ ಓದುವ ಪುಸ್ತಕಗಳಿಗೆ ಮಾತ್ರ. ತೀರ್ಪಿನ ಸಂಪುಟಗಳನ್ನು ಬೇರೆಯೇ ಸಾಲಿನಲ್ಲಿ, ಸರಣಿಯ ಹೆಸರು ಮತ್ತು ಇಸವಿಯ ಪ್ರಕಾರ ಇಟ್ಟಿರುತ್ತಾರೆ.

ಗ್ರಂಥಪಾಲಕರನ್ನು ಕೇಳಲು ಹಿಂಜರಿಯಬೇಡಿ. ಆದರೆ ‘ಮಗಳಿಗೆ ಪಾಲು ಬರುತ್ತಾ ಮೇಡಂ’ ಅಂತ ಕೇಳಬೇಡಿ, ಅದು ವಕೀಲರಿಗೆ ಕೇಳುವ ಪ್ರಶ್ನೆ. ‘ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೇಲೆ ಹೊಸ ಕಾಮೆಂಟರಿ ಯಾವುದಿದೆ, ಸುಪ್ರೀಂ ಕೋರ್ಟ್ ಡೈಜೆಸ್ಟ್ ಎಲ್ಲಿದೆ’ ಎಂದು ಕೇಳಿ, ನೇರ ಕಪಾಟಿನ ಮುಂದೆ ಕರೆದುಕೊಂಡು ಹೋಗುತ್ತಾರೆ. (ಕಾಮೆಂಟರಿ, ಡೈಜೆಸ್ಟ್ ಅಂದರೆ ಏನು ಅಂತ ಮುಂದೆ ಗೊತ್ತಾಗುತ್ತದೆ.) ಇನ್ನೂ ಎರಡು ಪ್ರಶ್ನೆ ಕೇಳಲೇಬೇಕು. ಯಾವ ಸಂಪುಟಗಳು ಬೈಂಡಿಂಗ್‌ಗೆ ಹೋಗಿವೆ? ಬೈಂಡ್ ಆಗದ ಇತ್ತೀಚಿನ ಬಿಡಿ ಸಂಚಿಕೆಗಳನ್ನು ಎಲ್ಲಿ ಇಡುತ್ತೀರಿ? ಹೊಸ ತೀರ್ಪು ಇರುವುದು ಆ ಬಿಡಿ ಸಂಚಿಕೆಗಳ ರಾಶಿಯಲ್ಲೇ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ.

ಹೆಜ್ಜೆ 3: ಮೊದಲು ಕಾಮೆಂಟರಿ, ಆದರೆ ಅಲ್ಲೇ ನಿಲ್ಲಬೇಡಿ

ಗೊತ್ತಿಲ್ಲದ ವಿಷಯಕ್ಕೆ ಕೈಹಾಕುವಾಗ ನೇರ ತೀರ್ಪಿಗೆ ಹಾರಬಾರದು. ಕಾಮೆಂಟರಿ ಎಂದರೆ ಕಾಯ್ದೆಯ ಒಂದೊಂದೇ ಸೆಕ್ಷನ್ ಹಿಡಿದು ವಿವರಿಸಿ, ಅಡಿಟಿಪ್ಪಣಿಯಲ್ಲಿ ತೀರ್ಪುಗಳ ಪಟ್ಟಿ ಕೊಡುವ ಪುಸ್ತಕ. ಊರಿನ ನಕ್ಷೆ ಇದ್ದ ಹಾಗೆ.

ಕೈಗೆತ್ತಿಕೊಂಡ ತಕ್ಷಣ ಶೀರ್ಷಿಕೆ ಪುಟದ ಹಿಂಬದಿ ನೋಡಿ, ಯಾವ ಇಸವಿಯ ಆವೃತ್ತಿ? ನಮ್ಮ ಪ್ರಶ್ನೆಗೆ 2004ರ ಆವೃತ್ತಿ ಓದಿದರೆ ಉತ್ತರ ಪೂರ್ತಿ ತಲೆಕೆಳಗು. 2018ರದು ಓದಿದರೂ ತಪ್ಪು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಪುಸ್ತಕ ಹಳೆಯದಾಗಿದ್ದರೆ ಹಿಂದಿನ ರಟ್ಟಿನ ಒಳಗೆ ಸಪ್ಲಿಮೆಂಟ್ ಸಿಕ್ಕಿಸಿದ್ದಾರಾ ನೋಡಿ.

ಹೆಜ್ಜೆ 4: ಬೇರ್ ಆಕ್ಟ್ ಓದುವುದೇ ಒಂದು ಕಲೆ

ವಿವರಣೆ ಇಲ್ಲದ ಕಾಯ್ದೆಯ ಬರೀ ಪಠ್ಯಕ್ಕೆ ವಕೀಲರ ಬಾಯಲ್ಲಿ ‘ಬೇರ್ ಆಕ್ಟ್’ ಎಂದು ಹೆಸರು. ತೆಳ್ಳಗಿನ ಪುಸ್ತಕ, ಆದರೆ ನನ್ನ ಲೆಕ್ಕದಲ್ಲಿ ಇಡೀ ಲೈಬ್ರರಿಯಲ್ಲಿ ಇದರಷ್ಟು ಬೆಲೆಯದು ಇನ್ನೊಂದಿಲ್ಲ.

ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ 6ನೇ ಸೆಕ್ಷನ್ ತೆರೆಯಿರಿ. ಸೆಕ್ಷನ್ ಒಂದು ಚೌಕ ಬ್ರಾಕೆಟ್‌ನಿಂದ ಶುರುವಾಗುತ್ತದೆ, ಪಕ್ಕದಲ್ಲೊಂದು ಸಣ್ಣ ಅಂಕಿ. ಆ ಅಂಕಿ ಹಿಡಿದು ಪುಟದ ಕೆಳಗೆ ಹೋದರೆ, 2005ರ 39ನೇ ಕಾಯ್ದೆಯಿಂದ ಹಳೆಯದನ್ನು ತೆಗೆದು ಇದನ್ನು ಇಟ್ಟಿದ್ದಾರೆ, 9-9-2005ರಿಂದ ಜಾರಿ ಎಂದು ಸಣ್ಣ ಅಕ್ಷರದಲ್ಲಿದೆ. ಬ್ರಾಕೆಟ್ ಕಂಡರೆ ಅಲ್ಲಿ ತಿದ್ದುಪಡಿ ಆಗಿದೆ ಎಂದೇ ಅರ್ಥ. ‘ಸಬ್ಸ್.’ ಅಂದರೆ ಬದಲಿಸಿದ್ದು, ‘ಇನ್ಸ್.’ ಅಂದರೆ ಹೊಸದಾಗಿ ಸೇರಿಸಿದ್ದು.

ಈಗ ಸೆಕ್ಷನ್ ನಿಧಾನವಾಗಿ ಓದಿ. ಮಗಳು ಹುಟ್ಟಿನಿಂದಲೇ, ಮಗನ ಹಾಗೆಯೇ ಕೋಪಾರ್ಸನರ್ ಎನ್ನುತ್ತದೆ. ಖುಷಿಯಾಗಿ ಪುಸ್ತಕ ಮುಚ್ಚಬೇಡಿ. ಕೆಳಗೆ ‘ಆದರೆ’ ಎಂದು ಒಂದು ಪರಂತುಕವಿದೆ: 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಪಾಲು ಅಥವಾ ಪರಭಾರೆಗೆ ಇದರಿಂದ ಧಕ್ಕೆ ಇಲ್ಲ. ಇನ್ನೂ ಕೆಳಗೆ ಒಂದು ವಿವರಣೆ: ಪಾಲು ಅಂದರೆ ನೋಂದಣಿಯಾದ ಪಾಲುಪತ್ರ, ಇಲ್ಲವೇ ಕೋರ್ಟ್ ಡಿಕ್ರಿಯಿಂದ ಆದ ಪಾಲು. ನಮ್ಮ ಕುಟುಂಬದಲ್ಲಿ ಪಾಲೇ ಆಗಿಲ್ಲ. ಹಾಳೆಯ ಮೇಲೆ ಅದಕ್ಕೊಂದು ಗುರುತು ಹಾಕಿ. ಸೆಕ್ಷನ್ನಿನ ತಲೆ ಓದಿ ಬಾಲ ಬಿಡುವುದು ಎಲ್ಲರೂ ಮಾಡುವ ತಪ್ಪು. ಕಾಯ್ದೆಯಲ್ಲಿ ಹಲ್ಲು ಇರುವುದು ಬಾಲದಲ್ಲಿ.

ಇನ್ನೊಂದು ಕೆಲಸ ಬಾಕಿ ಇದೆ, ರಾಜ್ಯದ ತಿದ್ದುಪಡಿ ನೋಡುವುದು. ಉತ್ತರಾಧಿಕಾರ, ಅವಿಭಕ್ತ ಕುಟುಂಬ, ಪಾಲು ಇವೆಲ್ಲ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿವೆ. ಅಂದರೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಕರ್ನಾಟಕ ಮಾಡಿತ್ತು ಕೂಡ. ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ 6ಎ ಸೆಕ್ಷನ್ ಸೇರಿಸಿ ಮಗಳಿಗೆ ಸಮಪಾಲು ಕೊಟ್ಟಿತು. ಆದರೆ ಒಂದು ಷರತ್ತು: ಅದು ಜಾರಿಗೆ ಬಂದ 30-7-1994ಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಇಲ್ಲ. ನಮ್ಮ ಪ್ರಶ್ನೆಯ ಮಗಳಿಗೆ 1990ರಲ್ಲಿ ಮದುವೆಯಾಗಿದೆ, ಹಾಗಾಗಿ ಈ ತಿದ್ದುಪಡಿಯಿಂದ ಅವಳಿಗೆ ಏನೂ ಸಿಗುವುದಿಲ್ಲ.

ಈ ತಿದ್ದುಪಡಿ ಹುಡುಕುವಾಗ ಒಂದು ಮೋಸ ಕಾದಿರುತ್ತದೆ. ಅದರ ಹೆಸರಿನಲ್ಲಿ ಇರುವ ಇಸವಿ 1990. ಆದರೆ ಅದು 1994ರ 23ನೇ ಕರ್ನಾಟಕ ಕಾಯ್ದೆ. 1990ರ ಕಾಯ್ದೆಗಳ ಸಂಪುಟ ತೆಗೆದು ಹಾಳೆ ಮಗುಚುತ್ತಾ ಕೂತರೆ ಸಂಜೆಯಾದರೂ ಸಿಗುವುದಿಲ್ಲ. ಕಾಯ್ದೆಗೆ ಹೆಸರಿನ ಇಸವಿ ಒಂದು, ನಂಬರಿನ ಇಸವಿ ಒಂದು, ಜಾರಿಯಾದ ತಾರೀಖು ಇನ್ನೊಂದು. ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಕೇಂದ್ರದ 2005ರ ತಿದ್ದುಪಡಿಯಲ್ಲಿ ಮದುವೆಯ ಷರತ್ತು ಇಲ್ಲ. ಸಮವರ್ತಿ ಪಟ್ಟಿಯ ವಿಷಯದಲ್ಲಿ ಎರಡು ಕಾಯ್ದೆ ಎದುರಾದಾಗ ಏನಾಗುತ್ತದೆ ಎಂಬುದಕ್ಕೆ ಸಂವಿಧಾನದ 254ನೇ ವಿಧಿ ತೆರೆಯಬೇಕು. ನೋಡಿ, ಒಂದು ಮದುವೆಯ ತಾರೀಖು ನಮ್ಮನ್ನು ಸಂವಿಧಾನದ ಕಪಾಟಿನವರೆಗೂ ನಡೆಸಿತು. ಲೈಬ್ರರಿಯಲ್ಲಿ ಆಗುವುದೇ ಹೀಗೆ.

ಪುಸ್ತಕದ ಪಠ್ಯದ ಮೇಲೆ ಅನುಮಾನ ಬಂದರೆ ಕೇಂದ್ರದ ಕಾಯ್ದೆಗಳಿಗೆ ‘ಇಂಡಿಯಾ ಕೋಡ್’ ಜಾಲತಾಣ ಇದೆ. ಕೊನೆಯ ಮಾತು ಮಾತ್ರ ರಾಜ್ಯಪತ್ರದ್ದು, ಅಂದರೆ ಗೆಜೆಟ್‌ನದು. ಕಾಯ್ದೆ ಯಾಕೆ ಬಂತು ಎಂದು ತಿಳಿಯಬೇಕಾದರೆ ಕಾನೂನು ಆಯೋಗದ ವರದಿಗಳ ಸಾಲಿಗೆ ಹೋಗಿ. ಹಿಂದೂ ಮಹಿಳೆಯರ ಆಸ್ತಿ ಹಕ್ಕಿನ ಮೇಲೆ 2000ದಲ್ಲಿ ಬಂದ 174ನೇ ವರದಿ ಅಲ್ಲಿರುತ್ತದೆ. ದಿನನಿತ್ಯದ ಕೆಲಸಕ್ಕೆ ಅದು ಬೇಕಾಗುವುದಿಲ್ಲ. ಪ್ರಬಂಧ ಬರೆಯುವವರಿಗೆ ಚಿನ್ನ.

ಹೆಜ್ಜೆ 5: ಡೈಜೆಸ್ಟ್, ಆಮೇಲೆ ಸೈಟೇಶನ್ ಒಡೆಯುವುದು

ಡೈಜೆಸ್ಟ್ ಎಂದರೆ ತೀರ್ಪುಗಳ ಸಾರವನ್ನು ಕಾಯ್ದೆ ಮತ್ತು ಸೆಕ್ಷನ್ ಪ್ರಕಾರ ಜೋಡಿಸಿದ ಪುಸ್ತಕ. ಹಿಂದೂ ಉತ್ತರಾಧಿಕಾರ ಕಾಯ್ದೆ, ಸೆಕ್ಷನ್ 6 ಎಂಬಲ್ಲಿಗೆ ಹೋದರೆ ಸಣ್ಣ ಸಣ್ಣ ಪ್ಯಾರಾಗಳು, ಒಂದೊಂದರ ಕೊನೆಯಲ್ಲಿ ಒಂದು ಸೈಟೇಶನ್. ಹೊಸ ಡೈಜೆಸ್ಟ್‌ನಿಂದ ಹಿಂದಕ್ಕೆ ಬನ್ನಿ, ಹಳೆಯದರಿಂದ ಮುಂದಕ್ಕಲ್ಲ. ಹಳೆಯದರಿಂದ ಶುರು ಮಾಡಿದರೆ ಸತ್ತ ತೀರ್ಪುಗಳನ್ನೇ ಅರ್ಧ ದಿನ ಓದಿರುತ್ತೀರಿ.

ಸೈಟೇಶನ್ ಅಂದರೆ ತೀರ್ಪಿನ ವಿಳಾಸ. ಎಲ್ಲರಿಗೂ ಗೊತ್ತಿರುವ ಕೇಶವಾನಂದ ಭಾರತಿ ತೀರ್ಪನ್ನೇ ತೆಗೆದುಕೊಳ್ಳಿ. ಎಐಆರ್ 1973 ಎಸ್‌ಸಿ 1461. ಇದರಲ್ಲಿ ‘ಎಐಆರ್’ ಆಲ್ ಇಂಡಿಯಾ ರಿಪೋರ್ಟರ್ ಎಂಬ ಸರಣಿ, 1973 ಇಸವಿ, ‘ಎಸ್‌ಸಿ’ ಸುಪ್ರೀಂ ಕೋರ್ಟ್, 1461 ತೀರ್ಪು ಶುರುವಾಗುವ ಪುಟ. ಅದೇ ತೀರ್ಪಿಗೆ ಇನ್ನೊಂದು ವಿಳಾಸ (1973) 4 ಎಸ್‌ಸಿಸಿ 225. ಇಲ್ಲಿ ಇಸವಿ, ನಾಲ್ಕನೇ ಸಂಪುಟ, ಸುಪ್ರೀಂ ಕೋರ್ಟ್ ಕೇಸಸ್ ಎಂಬ ಸರಣಿ, 225ನೇ ಪುಟ. ಎಐಆರ್ ಮತ್ತು ಎಸ್‌ಸಿಸಿ ಖಾಸಗಿ ಪ್ರಕಟಣೆಗಳು. ಸುಪ್ರೀಂ ಕೋರ್ಟಿನ ಅಧಿಕೃತ ಸರಣಿ ಎಸ್‌ಸಿಆರ್. ಹೈಕೋರ್ಟ್ ತೀರ್ಪುಗಳ ಅಧಿಕೃತ ಸರಣಿ ಐಎಲ್‌ಆರ್, ಅದಕ್ಕೆ 1875ರ ಕಾಯ್ದೆಯಷ್ಟು ಹಳೆಯ ಬೇರು ಇದೆ. ನಿಮ್ಮ ಕೈಯಲ್ಲಿ ಎಐಆರ್ ವಿಳಾಸ ಇದ್ದು ಲೈಬ್ರರಿಯಲ್ಲಿ ಎಸ್‌ಸಿಸಿ ಮಾತ್ರ ಇದ್ದರೆ, ಒಂದು ವಿಳಾಸದಿಂದ ಇನ್ನೊಂದನ್ನು ಹೇಳುವ ಕಂಪ್ಯಾರೆಟಿವ್ ಟೇಬಲ್ ಕೇಳಿ.

ಕರ್ನಾಟಕದ ಹಳೆಯ ತೀರ್ಪು ಹುಡುಕುವವರು ಇದನ್ನು ಮರೆಯಬಾರದು: ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅದಕ್ಕಿಂತ ಹಿಂದಿನ ಹೈಕೋರ್ಟ್ ತೀರ್ಪುಗಳು ಎಐಆರ್‌ನಲ್ಲಿ ‘ಮೈಸೂರು’ ಎಂಬ ಬೆನ್ನಿನ ಸಂಪುಟದಲ್ಲಿವೆ. ‘ಕೆ’ ಅಕ್ಷರದ ಸಾಲಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ‘ಎಂ’ ಸಾಲಿಗೆ ಹೋಗಬೇಕು.

2023ರಿಂದ ಕೋರ್ಟುಗಳೇ ತಮ್ಮ ತೀರ್ಪಿಗೆ ನಂಬರ್ ಕೊಡುತ್ತಿವೆ, ಇದಕ್ಕೆ ನ್ಯೂಟ್ರಲ್ ಸೈಟೇಶನ್ ಎನ್ನುತ್ತಾರೆ. ಸುಪ್ರೀಂ ಕೋರ್ಟಿನದಾದರೆ ಇಸವಿ, ‘ಐಎನ್‌ಎಸ್‌ಸಿ’, ಒಂದು ಸಂಖ್ಯೆ. ನಮ್ಮ ಹೈಕೋರ್ಟಿನದಾದರೆ ‘ಕೆಎಚ್‌ಸಿ’. ಅದರ ಮುಂದೆ ‘ಡಿ’ ಇದ್ದರೆ ಧಾರವಾಡ ಪೀಠ, ‘ಕೆ’ ಇದ್ದರೆ ಕಲಬುರಗಿ ಪೀಠ. ಇದರಲ್ಲಿ ಪ್ರಕಾಶಕರ ಹಂಗಿಲ್ಲ, ಪುಟದ ಲೆಕ್ಕವಿಲ್ಲ.

ಹೆಜ್ಜೆ 6: ತೀರ್ಪು ಓದುವಾಗ

ತೀರ್ಪಿನ ತಲೆಯಲ್ಲಿ ದಪ್ಪ ಅಕ್ಷರದ ಸಾರಾಂಶ ಇರುತ್ತದೆ, ಅದು ಹೆಡ್‌ನೋಟ್. ಖಾಸಗಿ ಸರಣಿಗಳಲ್ಲಿ ಅದನ್ನು ಬರೆದವರು ಸಂಪಾದಕರು, ನ್ಯಾಯಮೂರ್ತಿಗಳಲ್ಲ. ಚೆನ್ನಾಗಿಯೇ ಬರೆದಿರುತ್ತಾರೆ, ಆದರೆ ಅದು ತೀರ್ಪಲ್ಲ. ಕಲಿಯುವ ದಿನಗಳಲ್ಲಿ ನಾನೊಮ್ಮೆ ಹೆಡ್‌ನೋಟ್‌ನ ಸಾಲನ್ನೇ ಕೋರ್ಟಿನ ಮಾತು ಎಂದು ಬರೆದುಕೊಟ್ಟಿದ್ದೆ. ಹಿರಿಯರೊಬ್ಬರು ಓದಿ, ‘ಈ ವಾಕ್ಯ ತೀರ್ಪಿನ ಎಷ್ಟನೇ ಪ್ಯಾರಾದಲ್ಲಿದೆ, ತೋರಿಸಪ್ಪಾ’ ಅಂದರು. ಎಲ್ಲೂ ಇರಲಿಲ್ಲ.

ಓದುವ ಕ್ರಮ ಹೀಗಿರಲಿ. ಮೊದಲು ಎಷ್ಟು ನ್ಯಾಯಮೂರ್ತಿಗಳ ಪೀಠ ಅಂತ ನೋಡಿ, ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಪ್ರಕರಣದ ಸಂಗತಿ. ನಂತರ ಕೋರ್ಟ್ ತನ್ನ ಮುಂದೆ ಇಟ್ಟುಕೊಂಡ ಪ್ರಶ್ನೆ. ಕೊನೆಗೆ ಅದಕ್ಕೆ ಕೊಟ್ಟ ಉತ್ತರ ಮತ್ತು ಕಾರಣ. ಆ ಪ್ರಶ್ನೆ ತೀರ್ಮಾನಿಸಲು ಬೇಕಾದ ಕಾರಣ ಮಾತ್ರ ಮುಂದಿನ ಕೋರ್ಟುಗಳನ್ನು ಕಟ್ಟಿಹಾಕುತ್ತದೆ. ದಾರಿಯಲ್ಲಿ ಹೇಳಿದ ಉಳಿದ ಮಾತು ಒಬಿಟರ್. ಗೌರವ ಇದೆ, ಅದೇ ಬಲ ಇಲ್ಲ. ಭಿನ್ನ ತೀರ್ಪು ಇದ್ದರೆ ಯಾವುದು ಬಹುಮತದ್ದು ಎಂದು ಎರಡು ಸಲ ನೋಡಿ. ಚೆಂದದ ವಾಕ್ಯ ಕಂಡು ನಕಲು ಮಾಡಿಕೊಂಡರೆ ಅದು ಸೋತ ಪಕ್ಷದ ವಕೀಲರ ವಾದವಾಗಿರುವುದೂ ಉಂಟು. ಕೋರ್ಟ್ ಆ ವಾದವನ್ನು ಪೂರ್ತಿ ಬರೆದುಕೊಂಡು, ಆಮೇಲೆ ತಳ್ಳಿಹಾಕಿರುತ್ತದೆ.

ಹೆಜ್ಜೆ 7: ಬದುಕಿದೆಯಾ?

ಈಗ ನಮ್ಮ ಪ್ರಶ್ನೆಗೆ ಬರೋಣ. ಡೈಜೆಸ್ಟ್‌ನಲ್ಲಿ (2016) 2 ಎಸ್‌ಸಿಸಿ 36 ಸಿಕ್ಕಿತು ಅಂದುಕೊಳ್ಳಿ. ಫೂಲಾವತಿ ತೀರ್ಪು ಎಂದೇ ಹೆಸರಾದದ್ದು, ಕರ್ನಾಟಕದಿಂದ ಹೋದ ಪ್ರಕರಣ. ಇಬ್ಬರು ನ್ಯಾಯಮೂರ್ತಿಗಳ ಪೀಠ. 9-9-2005ರಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹೊಸ ಹಕ್ಕು ಎಂದಿತು. ನಮ್ಮ ತಂದೆ 2002ರಲ್ಲೇ ಹೋಗಿದ್ದಾರೆ. ಇಲ್ಲೇ ನಿಂತರೆ ಉತ್ತರ: ಇಲ್ಲ.

ಮುಂದೆ ಹುಡುಕಿದರೆ (2018) 3 ಎಸ್‌ಸಿಸಿ 343, ದಾನಮ್ಮ ತೀರ್ಪು. ಇದೂ ಕರ್ನಾಟಕದ್ದೇ, ಇದೂ ಇಬ್ಬರ ಪೀಠವೇ. ಇಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರು, ಆದರೂ ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿತು. ಸಮಾನ ಬಲದ ಎರಡು ಪೀಠ, ಎರಡು ದಿಕ್ಕು. ಹೀಗಾದಾಗ ‘ನನಗೆ ಬೇಕಾದ್ದು ಇದು’ ಅಂತ ಒಂದನ್ನು ಎತ್ತಿಕೊಂಡು ಹೋಗುವಂತಿಲ್ಲ. ದೊಡ್ಡ ಪೀಠ ಏನಾದರೂ ಹೇಳಿದೆಯಾ ಎಂದು ಹುಡುಕಬೇಕು.

ಹೇಳಿದೆ. 2020ರ ಆಗಸ್ಟ್ 11ರಂದು ಮೂವರ ಪೀಠ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: (2020) 9 ಎಸ್‌ಸಿಸಿ 1. ಮಗಳಿಗೆ ಹಕ್ಕು ಬರುವುದು ಹುಟ್ಟಿನಿಂದ. ಹಾಗಾಗಿ 2005ರಲ್ಲಿ ತಂದೆ ಬದುಕಿರಲೇಬೇಕು ಎಂದೇನಿಲ್ಲ. ಫೂಲಾವತಿಯನ್ನು ಅದು ತಳ್ಳಿಹಾಕಿತು. ದಾನಮ್ಮವನ್ನೂ ತನಗೆ ವಿರುದ್ಧವಾಗಿರುವಷ್ಟರ ಮಟ್ಟಿಗೆ ತಳ್ಳಿಹಾಕಿತು. ಬಾಯಿಮಾತಿನ ಪಾಲು ಆಗಿತ್ತು ಎಂಬ ವಾದವನ್ನು ಸಾಮಾನ್ಯವಾಗಿ ಒಪ್ಪಬಾರದು, ಸಾರ್ವಜನಿಕ ದಾಖಲೆಯ ಬೆಂಬಲವಿರುವ ಅಪರೂಪದ ಪ್ರಕರಣದಲ್ಲಿ ಮಾತ್ರ ಒಪ್ಪಬಹುದು ಎಂದೂ ಹೇಳಿತು. ಈಗ ಹಾಳೆ ನೋಡಿ. 2004ರ ಡಿಸೆಂಬರ್ 20ಕ್ಕೆ ಮೊದಲು ಪಾಲಾಗಿಲ್ಲ, ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಷರತ್ತು ಇಲ್ಲ, ತಂದೆಯ ಸಾವಿನ ತಾರೀಖು ಅಡ್ಡಿಯಲ್ಲ. ಉತ್ತರ ‘ಇಲ್ಲ’ದಿಂದ ‘ಇದೆ’ಗೆ ತಿರುಗಿತು, ಅಲ್ವಾ?

ಈ ಪರೀಕ್ಷೆಯಲ್ಲಿ ಎದುರಾಗುವ ಪದಗಳ ಅರ್ಥ ಸರಿಯಾಗಿ ಗೊತ್ತಿರಲಿ. ಅದೇ ಪ್ರಕರಣ ಮೇಲ್ಮನವಿಯಲ್ಲಿ ತಿರುಗಿದರೆ ‘ರಿವರ್ಸ್ಡ್’. ಬೇರೆ ಪ್ರಕರಣದಲ್ಲಿ ಮುಂದೆ ಬಂದ ಪೀಠ ಅದರ ತತ್ವವನ್ನೇ ತಪ್ಪು ಎಂದರೆ ‘ಓವರ್‌ರೂಲ್ಡ್’. ‘ಡಿಸ್ಟಿಂಗ್ವಿಷ್ಡ್’ ಎಂದಿದ್ದರೆ ಗಾಬರಿ ಬೇಡ. ಸಂಗತಿ ಬೇರೆ ಇದ್ದುದರಿಂದ ಆ ಪ್ರಕರಣಕ್ಕೆ ಹೊಂದಲಿಲ್ಲ ಅಷ್ಟೇ, ತೀರ್ಪು ಬದುಕಿದೆ. ಪುಸ್ತಕದಲ್ಲಿ ಇದನ್ನು ನೋಡಲು ‘ಕೇಸಸ್ ಓವರ್‌ರೂಲ್ಡ್’ ಎಂಬ ಪಟ್ಟಿಗಳಿವೆ. ಕಂಪ್ಯೂಟರಿನಲ್ಲಿ ಇನ್ನೂ ಸುಲಭ.

ತೀರ್ಪಿಗೆ ಮಾತ್ರ ಈ ಪರೀಕ್ಷೆ ಅಂದುಕೊಳ್ಳಬೇಡಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಿನಿಮಾದವರಿಗೂ ಬಾಯಿಪಾಠವಾಗಿದ್ದ 420 ಈಗ 318(4). ಆದರೆ ಆ ದಿನಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ಐಪಿಸಿಯೇ ಅನ್ವಯ. ಹಾಗಾಗಿ ಹಳೆಯ ಕ್ರಿಮಿನಲ್ ಪುಸ್ತಕಗಳನ್ನು ರದ್ದಿಗೆ ಹಾಕುವ ಕಾಲ ಇನ್ನೂ ಬಂದಿಲ್ಲ. ಹುಡುಕುವಾಗ ಎರಡೂ ನಂಬರ್ ಹಾಕಿ ಹುಡುಕಿ.

ಹೆಜ್ಜೆ 8: ಕಂಪ್ಯೂಟರ್ ಈಗ

ಇಷ್ಟಾದ ಮೇಲೆ ಕಂಪ್ಯೂಟರ್ ಮುಂದೆ ಕೂತರೆ ಅದು ನಿಮ್ಮ ಮಾತು ಕೇಳುತ್ತದೆ. ಪದಗಳು ಗೊತ್ತಿವೆ, ಸೆಕ್ಷನ್ ಗೊತ್ತಿದೆ, ತಾರೀಖು ಗೊತ್ತಿದೆ. ಎಸ್‌ಸಿಸಿ ಆನ್‌ಲೈನ್, ಮನುಪಾತ್ರ ಇವಕ್ಕೆ ಚಂದಾ ಕಟ್ಟಬೇಕು. ಒಬ್ಬರೇ ಕಟ್ಟುವುದು ಕಷ್ಟ, ಲೈಬ್ರರಿಯಲ್ಲಿ ಇದ್ದರೆ ಅಲ್ಲೇ ಕೂತು ಬಳಸಿಕೊಳ್ಳಿ. ಸುಪ್ರೀಂ ಕೋರ್ಟ್‌ನ ಇ-ಎಸ್‌ಸಿಆರ್ ಮತ್ತು ಇಂಡಿಯನ್ ಕಾನೂನ್ ಉಚಿತ. ಇ-ಎಸ್‌ಸಿಆರ್‌ನಲ್ಲಿ ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ಅರ್ಥ ಮಾಡಿಕೊಳ್ಳಲು ಅದನ್ನು ಓದಿ, ಉಲ್ಲೇಖಕ್ಕೆ ಇಂಗ್ಲಿಷ್ ಪಠ್ಯಕ್ಕೆ ಹೋಗಿ.

ಎರಡು ಪದ ಒಟ್ಟಿಗೇ ಬೇಕಾದರೆ ಉದ್ಧರಣ ಚಿಹ್ನೆಯ ಒಳಗೆ ಹಾಕಿ. ಮೂರು ಸಾವಿರ ಫಲಿತಾಂಶ ಬಂದರೆ ಕೋರ್ಟ್ ಮತ್ತು ಇಸವಿ ಹಾಕಿ ಸೋಸಿ. ಸಾಲಿನಲ್ಲಿ ಮೊದಲು ಕಂಡದ್ದು ಮುಖ್ಯವಾದ ತೀರ್ಪೇ ಆಗಿರಬೇಕೆಂದಿಲ್ಲ. ಒಂದು ತೀರ್ಪನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಕೊಂಡಿಯನ್ನು ತಪ್ಪದೆ ಒತ್ತಿ, ಹೊಸದರಿಂದ ಹಳೆಯದಕ್ಕೆ ಜೋಡಿಸಿ ನೋಡಿ. ಫೂಲಾವತಿಯ ಮೇಲೆ ಹಾಗೆ ಒತ್ತಿದ್ದರೆ ವಿನೀತಾ ಶರ್ಮಾ ಅಲ್ಲೇ ಕಾಣುತ್ತಿತ್ತು. ಎಐ ಚಾಟ್‌ಗಳು ಕೊಡುವ ಸೈಟೇಶನ್ನನ್ನು ಸಂಪುಟದಲ್ಲಿ ಕಣ್ಣಾರೆ ಕಾಣುವವರೆಗೆ ನಂಬಬೇಡಿ. ಇಲ್ಲದ ತೀರ್ಪನ್ನು ಇದೆ ಎಂದು ಹೇಳುವುದರಲ್ಲಿ ಅವು ನಿಸ್ಸೀಮ.

ಹೆಜ್ಜೆ 9: ಬರೆದುಕೊಳ್ಳುವುದು ಮತ್ತು ನಿಲ್ಲಿಸುವುದು

ಪ್ರತಿ ತೀರ್ಪಿಗೆ ಒಂದೊಂದು ಹಾಳೆ. ಹೆಸರು, ವಿಳಾಸ, ತಾರೀಖು, ಪೀಠದ ಗಾತ್ರ, ನಿಮಗೆ ಬೇಕಾದ ಪ್ಯಾರಾ ನಂಬರ್, ಇನ್ನೂ ಬದುಕಿದೆಯಾ ಎಂದು ಯಾವಾಗ ನೋಡಿದಿರಿ ಎಂಬ ತಾರೀಖು. ಪ್ಯಾರಾ ನಂಬರ್ ಬರೆಯುವಾಗ ಯಾವ ಸರಣಿಯದು ಎಂದೂ ಬರೆಯಿರಿ. ವಿನೀತಾ ಶರ್ಮಾದ ಅಂತಿಮ ಉತ್ತರ ಕೋರ್ಟಿನ ಮೂಲ ಪ್ರತಿಯಲ್ಲಿ 129ನೇ ಪ್ಯಾರಾ, ಎಸ್‌ಸಿಸಿಯಲ್ಲಿ 137. ಒಂದರ ವಿಳಾಸ, ಇನ್ನೊಂದರ ಪ್ಯಾರಾ ಬೆರೆಸಿ ಬರೆದರೆ ಓದುವವರು ಪುಟ ತಿರುವಿ ತಿರುವಿ ಬೈದುಕೊಳ್ಳುತ್ತಾರೆ. ಫೋಟೋಕಾಪಿ ಮಾಡಿಸುವಾಗ ಸಂಪುಟದ ಮೊದಲ ಪುಟವನ್ನೂ ಸೇರಿಸಿ, ಇಲ್ಲದಿದ್ದರೆ ವಾರ ಕಳೆದ ಮೇಲೆ ಈ ಹಾಳೆ ಯಾವ ಪುಸ್ತಕದ್ದು ಎಂದೇ ತಿಳಿಯುವುದಿಲ್ಲ.

ಯಾವಾಗ ಸಾಕು ಎನ್ನುವುದು? ಕಾಮೆಂಟರಿ, ಡೈಜೆಸ್ಟ್, ಕಂಪ್ಯೂಟರ್ ಮೂರೂ ಅದೇ ಐದಾರು ತೀರ್ಪುಗಳನ್ನೇ ಮತ್ತೆ ಮತ್ತೆ ಮುಂದಿಡಲು ಶುರು ಮಾಡಿದಾಗ. ಆಗ ಎದ್ದು, ಬಿಡಿ ಸಂಚಿಕೆಗಳ ರಾಶಿಯಲ್ಲಿ ಇತ್ತೀಚಿನ ಎರಡು ಮೂರು ತಿಂಗಳಿನದನ್ನು ತೆಗೆದು, ಸೆಕ್ಷನ್ 6ರ ಕೆಳಗೆ ಹೊಸದೇನಾದರೂ ಬಂದಿದೆಯಾ ಅಂತ ಇಂಡೆಕ್ಸ್ ಮೇಲೆ ಬೆರಳಾಡಿಸಿ. ಏನೂ ಇಲ್ಲದಿದ್ದರೆ ಹಾಳೆಯ ಕೊನೆಯಲ್ಲಿ ಆ ದಿನದ ತಾರೀಖು ಹಾಕಿ, ತೆಗೆದ ಪುಸ್ತಕಗಳನ್ನು ಮೇಜಿನ ಮೇಲೇ ಬಿಡಿ. ನೀವೇ ಕಪಾಟಿನಲ್ಲಿ ಇಡಲು ಹೋಗಬೇಡಿ. ತಪ್ಪು ಜಾಗದಲ್ಲಿ ಇಟ್ಟ ಸಂಪುಟ ಕಳೆದುಹೋದ ಸಂಪುಟಕ್ಕೆ ಸಮ.